ಗಪ್ಪಿ ಮೀನಿನ ಮರಿಗಳ ಪಾಲನೆ

ಮೀನುಗಳಲ್ಲಿ ಬಹುಪಾಲು ಮೊಟ್ಟೆಯಿಟ್ಟು ಸಂತತಿಯನ್ನು ಬೆಳೆಯಿಸತಕ್ಕವುಗಳೆಂಬುದು ಎಲ್ಲರಿಗೂ ತಿಳಿದ ಸಂಗತಿಯೇ ಸರಿ. ಆದರೆ ಕೆಲವು ಜಾತಿಯವು ಮೊಟ್ಟೆಯನ್ನು ಹೊರಗಿಡದೆ, ಒಡಲೊಳಗೇ ಅದನ್ನು ಬಲಿಯಿಸಿ, ಈಜಬಲ್ಲ ಮರಿಗಳನ್ನೇ ಹೆರುವುವು. ಮನೆಮನೆಯ ಗಾಜಿನ ತೊಟ್ಟಿಗಳಲ್ಲಿ ಕಾಣುವ ಗಪ್ಪಿಯೆಂಬ ಪುಟ್ಟ ಮೀನು ಈ ಗುಂಪಿಗೆ ಸೇರಿದುದು. ಇದರ ತವರು ದಕ್ಷಿಣ ಅಮೆರಿಕಾ ಖಂಡದ ಈಶಾನ್ಯ ಭಾಗವೂ ಅದರ ಮಗ್ಗುಲಿನ ಟ್ರಿನಿಡಾಡ್ ದ್ವೀಪವೂ ಆಗಿವೆ. ಟ್ರಿನಿಡಾಡಿನಲ್ಲಿದ್ದ ರಾಬರ್ಟ್ ಜಾನ್ ಲೆಕ್‌ಮಿಯರ್ ಗಪ್ಪಿ ಎಂಬವರು ಈ ಮೀನನ್ನು ಲಂಡನಿನ ಬ್ರಿಟಿಷ್ ಮ್ಯೂಸಿಯಮಿಗೆ ಕಳುಹಿಸಲಾಗಿ, ಅಲ್ಲಿನ ಪಂಡಿತರಾದ ಆಲ್ಬರ್ಟ್ ಗುಂಥರರು ೧೮೬೬ರಲ್ಲಿ ಕಳುಹಿಸಿದವರ ಹೆಸರನ್ನೇ ಇದಕ್ಕಿಟ್ಟರು. ಆದರೆ ವಿಲ್ಹೆಲ್ಮ್ ಪೀಟರ್ಸ್ ಎಂಬ ಜರ್ಮನ್ ಶಾಸ್ತ್ರಜ್ಞರು ೧೮೫೯ರಲ್ಲಿಯೇ ಇದನ್ನು ವರ್ಣಿಸಿದ್ದುದರಿಂದ ಅವರಿಟ್ಟ ‘ರೆಟಿಕ್ಯುಲಾಟ’ ಎಂಬುದೇ ಶಾಸ್ತ್ರದಲ್ಲಿ ನಿಂತಿತು. ‘ಗಪ್ಪಿ’ ಎಂಬುದು ಜನರ ಬಾಯಲ್ಲಿ ಉಳಿಯಿತು.

ಈ ಮೀನನ್ನು ಸಾಕುವವರಿಗೆ ಮೊದಲು ಒದಗುವ ದುಃಖವು ಒಂದೇ ಬಗೆಯದು. ಸಂಜೆ ತೊಟ್ಟಿಯಲ್ಲಿ ಇಪ್ಪತ್ತು ಮೂವತ್ತು ಮರಿಗಳು ಮಿನುಗುತ್ತಿರುವುವು. ಬೆಳಿಗ್ಗೆ ಎದ್ದು ನೋಡಿದರೆ ಎರಡೋ ಮೂರೋ. ತಿಂದವರಾರೆಂದರೆ ಹೆತ್ತ ತಾಯಿಯೂ ಅದರ ಸಂಗಡಿಗರೂ. ಇದನ್ನು ಕ್ರೌರ್ಯವೆಂದು ಹಳಿಯುವುದು ಸಲ್ಲದು. ಗಪ್ಪಿಗೆ ಮರಿಗಳನ್ನು ಕಾಯುವ ಸ್ವಭಾವವೇ ಇಲ್ಲ. ಬಾಯಿಗೆ ಹಿಡಿಸುವಷ್ಟು ಗಾತ್ರದ್ದು ಕಣ್ಣೆದುರು ಅಲುಗಿದರೆ ಅದಕ್ಕೆ ಆಹಾರವೇ. ತವರಿನ ಹೊಳೆಗಳಲ್ಲಿ ಮರಿಗಳು ಅಂಚಿನ ತೆಳುನೀರಿಗೆ ಓಡಿ ತಲೆ ಮರೆಸಿಕೊಳ್ಳಬಲ್ಲವು. ನಾಲ್ಕು ಗಾಜುಗಳ ನಡುವೆ ಓಡುವುದಕ್ಕೆ ಎಡೆಯೆಲ್ಲಿ? ಆದುದರಿಂದ ಆ ಎಡೆಯನ್ನು ಒದಗಿಸಿಕೊಡುವುದೇ ಸಾಕುವವರ ಮೊದಲನೆಯ ಕರ್ತವ್ಯವು.

ಹೆಣ್ಣು ಮೀನಿನ ಹೊಟ್ಟೆಯ ಹಿಂಭಾಗದಲ್ಲಿ ಒಂದು ಕಪ್ಪು ಮಚ್ಚೆಯುಂಟು. ಗರ್ಭ ಬಲಿಯುತ್ತ ಬಂದಂತೆ ಆ ಮಚ್ಚೆಯು ದೊಡ್ಡದಾಗಿ ಕಪ್ಪೇರುವುದು. ಹೊಟ್ಟೆಯು ಗುಂಡಾಗಿದ್ದುದು ಚೌಕವಾದಂತೆ ತೋರಿದರೆ ಹೆರಿಗೆಯು ಸಮೀಪಿಸಿತೆಂದು ತಿಳಿಯಬಹುದು. ಸಾಧಾರಣವಾಗಿ ನಾಲ್ಕು ವಾರಗಳಿಗೊಮ್ಮೆ ಹೆರುವುದುಂಟು. ಎಳೆಯ ಹೆಣ್ಣು ಹತ್ತಕ್ಕಿಂತ ಕಡಿಮೆ ಹೆತ್ತರೆ, ಬಲಿತದ್ದು ಐವತ್ತರವರೆಗೂ ಕೆಲವೊಮ್ಮೆ ಅದಕ್ಕೂ ಮೇಲೆಯೂ ಹೆರುವುದು. ಒಂದು ಸಲ ಗಂಡಿನೊಡನೆ ಕೂಡಿದ ಹೆಣ್ಣು ಅನೇಕ ತಿಂಗಳು ಬೀಜವನ್ನು ಒಡಲಲ್ಲಿ ಕಾಪಾಡಿಕೊಂಡು ಗಂಡಿಲ್ಲದೆಯೇ ಮತ್ತೆ ಮತ್ತೆ ಹೆರಬಲ್ಲದು. ಅಂಗಡಿಯಿಂದ ಒಂಟಿ ಹೆಣ್ಣನ್ನು ತಂದವರ ಮನೆಯಲ್ಲಿಯೂ ಮರಿಗಳು ಕಾಣಿಸಿಕೊಳ್ಳುವುದು ಇದರಿಂದಲೇ.

ಹೆರಿಗೆಗಾಗಿ ಜಾಲರಿಯ ಸಣ್ಣ ಪೆಟ್ಟಿಗೆಗಳು ಅಂಗಡಿಗಳಲ್ಲಿ ಮಾರಲ್ಪಡುತ್ತವೆ. ತಾಯಿಯನ್ನು ಅದರಲ್ಲಿ ಕೂಡಿಟ್ಟರೆ ಮರಿಗಳು ಕೆಳಗಿನ ಸಂದಿನಿಂದ ಜಾರಿ ಉಳಿಯುವುವೆಂಬುದು ಏರ್ಪಾಡು. ನಾವಾದರೋ ಇದನ್ನು ಹೆಚ್ಚಾಗಿ ಮೆಚ್ಚುವುದಿಲ್ಲ. ದಿನಗಟ್ಟಲೆ ಇಕ್ಕಟ್ಟಿನಲ್ಲಿ ಸಿಕ್ಕಿದ ಬಸುರಿ ಮೀನು ಬೆದರಿ ಅಕಾಲದಲ್ಲಿ ಹೆರುವುದೂ ಸಾಯುವುದೂ ಉಂಟು. ಅದಕ್ಕಿಂತ ಬೇರೊಂದು ಸಣ್ಣ ತೊಟ್ಟಿಯಲ್ಲಿ ನೀರಿನ ಗಿಡಗಳನ್ನು ದಟ್ಟವಾಗಿ ತುಂಬಿ, ತಾಯಿಯನ್ನು ಅದರೊಳಗೆ ಬಿಟ್ಟು, ಹೆತ್ತ ಕೂಡಲೇ ಹಿಂದಕ್ಕೆ ತೆಗೆಯುವುದು ಲೇಸು. ಅಂತರಗಂಗೆಯ ಬೇರುಗಳ ಜೊಂಪೆಯೂ ಹೈಡ್ರಿಲ್ಲಾ ಗಿಡವೂ ಇದಕ್ಕೆ ಬಹಳ ಒಳ್ಳೆಯವು. ಕೆರೆಯಿಂದ ತಂದ ಗಿಡಗಳನ್ನು ಮಾತ್ರ ಚೆನ್ನಾಗಿ ಜಾಲಿಸಿ ನೋಡತಕ್ಕದ್ದು. ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಕೀಟದ ಮರಿಹುಳು ಅದರಲ್ಲಿ ಅಡಗಿ ಬಂದರೆ ತಾಯಿಗಿಂತಲೂ ಹೆಚ್ಚಾಗಿ ಮರಿಗಳನ್ನು ಮುಗಿಸಿಬಿಡುವುದು. ನೀರನ್ನು ಸೋಸುವ ಯಂತ್ರವಿದ್ದರೆ ಅದರ ಬಾಯಿಗೆ ಸ್ಪಂಜನ್ನು ಕಟ್ಟಬೇಕು. ಇಲ್ಲವಾದರೆ ಮರಿಗಳು ಅದರೊಳಕ್ಕೆ ಸೆಳೆಯಲ್ಪಡುವುವು.

ಆಗ ಹುಟ್ಟಿದ ಮರಿಯು ಒಂದು ಅಕ್ಕಿಕಾಳಿನಷ್ಟು ಉದ್ದ. ಮೈಯು ಪಾರದರ್ಶಕ, ಕಣ್ಣು ಮಾತ್ರ ಎದ್ದು ಕಾಣುವುದು. ಹುಟ್ಟಿದ ದಿನವೇ ಅದು ಆಹಾರವನ್ನು ಹುಡುಕುವುದು. ಅದರ ಹೊಟ್ಟೆ ಬಹು ಚಿಕ್ಕದಾದ್ದರಿಂದ ಒಂದೇ ಸಲ ಹೆಚ್ಚಾಗಿ ಹಾಕದೆ ದಿನಕ್ಕೆ ನಾಲ್ಕೈದು ಸಲ ಚಿಟಿಕೆಯಷ್ಟು ಹಾಕಬೇಕು. ದೊಡ್ಡ ಮೀನುಗಳ ಒಣ ಆಹಾರವನ್ನೇ ಬೆರಳುಗಳ ನಡುವೆ ನುಣ್ಣಗೆ ತಿಕ್ಕಿ ಉದುರಿಸಬಹುದು. ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಹಿಂಡುವ ಪದ್ಧತಿಯು ಹಳೆಯದು. ಆದರೆ ಒಂದು ಹನಿ ಮೀರಿದರೂ ನೀರು ಕೆಡುವುದು. ಎಲ್ಲಕ್ಕಿಂತ ಉತ್ತಮವಾದುದು ಆರ್ಟೀಮಿಯಾ ಎಂಬ ಉಪ್ಪುನೀರಿನ ಜೀವಿಯ ಮರಿಗಳು. ಇದರ ಒಣಗಿದ ಮೊಟ್ಟೆಗಳು ಡಬ್ಬಿಗಳಲ್ಲಿ ದೊರೆಯುವುವು. ಒಂದು ಲೀಟರ್ ನೀರಿಗೆ ೨೫ರಿಂದ ೩೦ ಗ್ರಾಂ ಉಪ್ಪನ್ನು ಕರಗಿಸಿ, ಮೊಟ್ಟೆಗಳನ್ನು ಹಾಕಿ, ಗಾಳಿಯ ಗುಳ್ಳೆಗಳನ್ನು ಬಿಡುತ್ತಿದ್ದರೆ ನಮ್ಮ ಸೆಕೆಯಲ್ಲಿ ಒಂದು ದಿನ ಅಥವಾ ಒಂದೂವರೆ ದಿನಕ್ಕೆ ಒಡೆಯುವುವು. ಅನಂತರ ಗಾಳಿಯನ್ನು ನಿಲ್ಲಿಸಿದರೆ ಸಿಪ್ಪೆ ಮೇಲೆ ತೇಲುವುದು. ಮರಿಗಳು ಬೆಳಕಿನ ಕಡೆಗೆ ಗುಂಪುಗೂಡುವುವು. ಅವನ್ನು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಿದರೆ ಗಪ್ಪಿಯ ಮರಿಗಳ ಹೊಟ್ಟೆಯು ಕ್ಷಣದಲ್ಲಿ ಕಿತ್ತಳೆಯ ಬಣ್ಣವಾಗುವುದನ್ನು ಕಣ್ಣಾರೆ ಕಾಣಬಹುದು.

ಹೆಚ್ಚು ತಿನ್ನುವುದರಿಂದ ಹೆಚ್ಚು ಕಲ್ಮಷವೂ ಆಗುವುದಷ್ಟೆ. ಕೊಳೆತ ಆಹಾರದಿಂದ ಹುಟ್ಟುವ ಅಮೋನಿಯಾ ಕಣ್ಣಿಗೆ ಕಾಣದ ವಿಷ. ತಿಳಿಯಾದ ನೀರಿನಲ್ಲಿಯೂ ಅದಿರಬಲ್ಲದು. ಆದುದರಿಂದ ವಾರಕ್ಕೆ ಎರಡು ಸಲವಾದರೂ ನೀರಿನ ಐದನೆಯ ಒಂದು ಪಾಲನ್ನು ತೆಗೆದು ಹೊಸದನ್ನು ಸೇರಿಸಬೇಕು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇದ್ದರೆ ಬಾಯಗಲದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸತಕ್ಕದ್ದು. ಉಷ್ಣತೆಯು ೨೪ರಿಂದ ೨೮ ಡಿಗ್ರಿ ಸೆಂಟಿಗ್ರೇಡ್ ಇದ್ದರೆ ಬೆಳವಣಿಗೆ ಚೆನ್ನಾಗಿರುವುದು.

ಬೇಗ ಬೆಳೆಯುವುದರಲ್ಲಿ ಮರಿಯ ಪ್ರಾಣವೇ ಅಡಗಿದೆಯೆಂಬುದಕ್ಕೆ ಟ್ರಿನಿಡಾಡಿನ ಹೊಳೆಗಳೇ ಸಾಕ್ಷಿ. ಅಲ್ಲಿ ಜಲಪಾತಗಳ ಕೆಳಗೆ ಬೆಳೆದ ಗಪ್ಪಿಯನ್ನು ಹಿಡಿದು ತಿನ್ನುವ ದೊಡ್ಡ ಮೀನುಗಳುಂಟು; ಮೇಲ್ಗಡೆಯ ಕೆಲವು ತೊರೆಗಳಲ್ಲಿರುವುದು ಮುಖ್ಯವಾಗಿ ಎಳೆಯವನ್ನು ತಿನ್ನುವ ಒಂದು ಪುಟ್ಟ ಮೀನು. ಜಾನ್ ಎಂಡ್ಲರ್ ಎಂಬ ಶಾಸ್ತ್ರಜ್ಞರು ೧೯೭೬ರಲ್ಲಿ ಕೆಳಗಣ ಗಪ್ಪಿಗಳನ್ನು ಅಂತಹದೊಂದು ತೊರೆಗೆ ಸಾಗಿಸಿದರು. ಹನ್ನೊಂದು ವರ್ಷಗಳ ತರುವಾಯ ಅವುಗಳ ಸಂತತಿಯು ತಡವಾಗಿ ಪ್ರಾಯಕ್ಕೆ ಬಂದು, ಸಂಖ್ಯೆಯಲ್ಲಿ ಕಡಿಮೆಯಾದರೂ ಗಾತ್ರದಲ್ಲಿ ದೊಡ್ಡವಾದ ಮರಿಗಳನ್ನು ಹೆರುತ್ತಿದ್ದಿತೆಂದು ಡೇವಿಡ್ ರೆಜ್ನಿಕ್ ಮೊದಲಾದವರು ೧೯೯೦ರಲ್ಲಿ ಪ್ರಕಟಿಸಿದರು. ದೊಡ್ಡದಾಗಿ ಹುಟ್ಟಿದ ಮರಿಯು ಶತ್ರುವಿನ ಬಾಯಿಯ ಅಳತೆಯನ್ನು ಬೇಗ ಮೀರುವುದು. ನಮ್ಮ ತೊಟ್ಟಿಯಲ್ಲಿಯೂ ಅದೇ ಲೆಕ್ಕ: ಒಂದೂವರೆ ತಿಂಗಳು ಚೆನ್ನಾಗಿ ಉಂಡ ಮರಿಯನ್ನು ದೊಡ್ಡವರೊಡನೆ ಬಿಡಬಹುದು.

ಮೂರು ನಾಲ್ಕು ವಾರಗಳಲ್ಲಿ ಗಂಡಿನ ಹೊಟ್ಟೆಯ ಕೆಳಗಿನ ರೆಕ್ಕೆಯು ಕಡ್ಡಿಯಂತೆ ಚೂಪಾಗುವುದು. ಹೆಣ್ಣಿನದು ಬೀಸಣಿಗೆಯಾಗಿಯೇ ಉಳಿಯುವುದು. ಆಗಲೇ ಇವನ್ನು ಬೇರ್ಪಡಿಸದಿದ್ದರೆ ಕೆಲವೇ ತಿಂಗಳುಗಳಲ್ಲಿ ತೊಟ್ಟಿ ಹಿಡಿಸಲಾರದು. ಮಿಕ್ಕವನ್ನು ಹಳ್ಳಕ್ಕೋ ಕೆರೆಗೋ ಸುರಿಯುವುದು ಮಾತ್ರ ಕೂಡದು. ಸೊಳ್ಳೆಯ ಮರಿಗಳನ್ನು ತಿನ್ನುವುದೆಂದು ಆರೋಗ್ಯ ಇಲಾಖೆಯವರು ಕರ್ನಾಟಕದ ಬಾವಿಗಳಲ್ಲಿಯೂ ನೀರಿನ ತೊಟ್ಟಿಗಳಲ್ಲಿಯೂ ಗಪ್ಪಿಯನ್ನು ಬಿಟ್ಟಿರುವುದು ನಿಜ; ಆದರೆ ಹರಿಯುವ ನೀರಿಗೆ ಸೇರಿದ ಗಪ್ಪಿಯು ಊರಿನ ಸಣ್ಣ ಮೀನುಗಳ ಆಹಾರವನ್ನು ಕಸಿದು, ಅವುಗಳ ಮೊಟ್ಟೆಮರಿಗಳನ್ನೂ ತಿನ್ನುವುದು. ಬೇಡವಾದವನ್ನು ಗೆಳತಿಯರಿಗೆ ಹಂಚಬಹುದು, ಇಲ್ಲವೆ ಮೀನಿನ ಅಂಗಡಿಗೆ ಕೊಡಬಹುದು. ಅದೂ ಸಾಧ್ಯವಿಲ್ಲದವರು ಬಣ್ಣದ ಗಂಡುಗಳನ್ನಷ್ಟೇ ಇಟ್ಟುಕೊಳ್ಳಲಿ.