ಬುಗುಡಿಯ ಜಾಗದಲ್ಲಿ ಸೂಜಿ

ಪ್ರಶ್ನೆ: ಕಿವಿಯ ಮೇಲ್ಭಾಗ ಚುಚ್ಚಿಸಬೇಕೆಂದಿದ್ದೇನೆ. ಹಾಲೆ ಚುಚ್ಚಿಸಿದಷ್ಟೇ ಸಲೀಸೇ? (ಹೊನ್ನಾವರದ ಓದುಗರು)

ಉತ್ತರ: ಸಲೀಸಲ್ಲ. ಹಾಗಂತ ಹೊಸ ಶೋಕಿಯೂ ಅಲ್ಲ. ಅಜ್ಜಿಯಂದಿರ ಬುಗುಡಿ ಕೂರುತ್ತಿದ್ದದ್ದೂ ಮೇಲ್ಗಿವಿಯಲ್ಲೇ. ಹಾಲೆಯಲ್ಲಿ ರಕ್ತ ಧಾರಾಳ, 6–8 ವಾರಗಳಲ್ಲಿ ಮಾಯುತ್ತದೆ. ಮೇಲಿನದು ಮೃದ್ವಸ್ಥಿ. ಅದಕ್ಕೆ ಸ್ವಂತ ರಕ್ತನಾಳವಿಲ್ಲ, ಹೊದ್ದ ತೆಳುಪೊರೆಯೇ ಉಣಿಸಬೇಕು. ಕೀವು ತುಂಬಿ ಪೊರೆ ಬಿಟ್ಟುಕೊಂಡರೆ ಮೃದ್ವಸ್ಥಿ ಸತ್ತು, ಕಿವಿ ಕರಿದ ಹಪ್ಪಳದಂತೆ ಸುರುಟಿಕೊಳ್ಳುತ್ತದೆ. ಎಲ್ಲ ಸರಿಯಿದ್ದರೂ ಮಾಯಲು 4ರಿಂದ 12 ತಿಂಗಳು ಬೇಕು.

ಕಿವಿ ಚುಚ್ಚುವ ಗನ್ ಬೇಡವೇ ಬೇಡ. ಮೊಂಡು ಮೊನೆಯನ್ನು ರಭಸದಿಂದ ನುಗ್ಗಿಸಿ ಮೃದ್ವಸ್ಥಿಯನ್ನು ಜಜ್ಜುತ್ತದೆ. ನಿಮ್ಮ ಕಣ್ಣೆದುರೇ ಪೊಟ್ಟಣ ಒಡೆದು ತೆಗೆದ ಟೊಳ್ಳು ಸೂಜಿಯಾಗಲಿ. ಕುಮಟಾಕ್ಕೋ ಭಟ್ಕಳಕ್ಕೋ ಹೋದಾಗ ಕಿವಿ-ಮೂಗು-ಗಂಟಲು ವೈದ್ಯರನ್ನೇ ವಿಚಾರಿಸಿ. ಆಭರಣ ಟೈಟಾನಿಯಂನದ್ದೋ ನಿಕ್ಕಲ್ ಇಲ್ಲದ ಚಿನ್ನದ್ದೋ ಇರಲಿ. ಮೆಡಿಕಲ್ ಶಾಪಿನ ಸಲೈನ್‌ನಿಂದ ಒರೆಸಿದರೆ ಸಾಕು. ಎಣ್ಣೆ-ಅರಿಶಿನದ ಸಲಹೆಗೆ ನಕ್ಕು ಸುಮ್ಮನಾಗಿ.

ಮೇಲ್ಗಿವಿಯ ಕೀವಿಗೆ ಕಾರಣವಾಗಬಲ್ಲ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ನೀರಲ್ಲೂ ಬದುಕುತ್ತದೆ. ಗಾಯ ಮಾಯುವವರೆಗೆ ಶರಾವತಿಯ ಈಜು, ಕಾಸರಕೋಡಿನ ಕಡಲಾಟ ಬಂದ್. ಹೆಲ್ಮೆಟ್ಟನ್ನೂ ನಿಧಾನ ತೆಗೆಯಿರಿ.

ಮೇಲ್ಗಿವಿ ಕೆಂಪಾಗಿ, ಬಿಸಿಯೇರಿ, ಊದಿ, ಹಾಲೆ ಮಾತ್ರ ಎಂದಿನಂತಿದ್ದರೆ ಅದು ಪೊರೆಗೆ ತಗಲಿದ ಸೋಂಕಿನ ಗುರುತು. ಅಂದೇ ವೈದ್ಯರಲ್ಲಿಗೆ ಓಡಿ, ಭಾನುವಾರವಾದರೂ.