ಹಿಂದಿನ ಶಾಕಿನ ಐದು ಮೆಟ್ಟಿಲು

ನೂರು ಸಿಸಿಯ ಬೈಕಿನ ತೂಕ ಹೆಚ್ಚೂಕಡಿಮೆ 110 ಕಿಲೊ. ಇಳಕಲ್ಲಿನಲ್ಲಿ ಅದರ ಬೆನ್ನಿಗೆ ಸೀರೆಯ ಗಂಟು ಬೀಳುತ್ತದೆ, ಹುನಗುಂದದ ಹಳ್ಳಿಗಳಲ್ಲಿ ಹಾಲಿನ ಕ್ಯಾನು. ಪುಷ್ಯದಲ್ಲಿ ಬಾದಾಮಿಯ ಬನಶಂಕರಿ ಜಾತ್ರೆಗೆ ಹೊರಟರಂತೂ ಗಂಡ, ಹೆಂಡತಿ, ನಡುವೆ ಒಂದು ಕೂಸು, ಹ್ಯಾಂಡಲ್ಲಿಗೆ ಬುತ್ತಿಯ ಚೀಲ. ಸೈಕಲ್ಲಿನಂತೆ ಇದೂ ತನ್ನ ತೂಕಕ್ಕಿಂತ ಹೆಚ್ಚು ಭಾರವನ್ನು ದಿನಾ ಹೊರುವ ಗಾಡಿ. ಸಾವಿರ ಕಿಲೊ ತೂಗುವ ಕಾರಿಗೆ ಇನ್ನೊಬ್ಬ ಹತ್ತಿದರೆ ಲೆಕ್ಕಕ್ಕೇ ಬರುವುದಿಲ್ಲ. ಬೈಕಿನ ಹಿಂದಿನ ಸ್ಪ್ರಿಂಗಿನ ಪಾಡು ಹಾಗಲ್ಲ. ಬೆಳಿಗ್ಗೆ 60 ಕಿಲೊದ ಒಬ್ಬನಿಗೆ ಮೆತ್ತಗಿರಬೇಕು, ಸಂಜೆ 160 ಕಿಲೊಗೆ ನೆಲ ಕಚ್ಚದಂತೆ ನಿಲ್ಲಬೇಕು.

ಒಂದೇ ಸ್ಪ್ರಿಂಗು ಈ ಎರಡಕ್ಕೂ ಹೇಗೆ ಒಗ್ಗೀತು? ಉತ್ತರ ಸಿಗಲು ಬೈಕು ಹುಟ್ಟಿದ ಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಶಾಕ್ ಅಬ್ಸಾರ್ಬರಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಉಕ್ಕಿನ ಬಳೆಯೊಂದಿದೆಯಲ್ಲ, ಅದೇ ಆ ಉತ್ತರ. ಗಾಡಿ ಕೊಂಡ ದಿನದಿಂದ ಮಾರುವ ದಿನದವರೆಗೆ ಅದನ್ನು ಮುಟ್ಟದವರೇ ಬಹಳ.

ಸ್ಪ್ರಿಂಗಿನ ಗುಣ ಲೋಕಕ್ಕೆ ಗೊತ್ತಾದದ್ದು ಬೈಕಿಗಿಂತ ಇನ್ನೂರು ವರ್ಷ ಮೊದಲು. ಲಂಡನ್ನಿನ ರಾಬರ್ಟ್ ಹುಕ್ 1676ರಲ್ಲಿ ಅದನ್ನು ಅಕ್ಷರ ಕಲಸಿದ ಒಗಟಾಗಿ ಅಚ್ಚು ಹಾಕಿಸಿದ. ಬೇರೆಯವರಿಗೆ ಗುಟ್ಟು ತಿಳಿಯಬಾರದು, ಮೊದಲು ಕಂಡವನು ತಾನೇ ಎಂಬುದೂ ದಾಖಲಾಗಬೇಕು! ಎರಡು ವರ್ಷದ ಮೇಲೆ ಒಗಟು ಬಿಡಿಸಿದ. ಸ್ಪ್ರಿಂಗು ಎಷ್ಟು ಕುಗ್ಗುತ್ತದೋ ಅಷ್ಟೇ ಬಲದಿಂದ ತಿರುಗಿ ತಳ್ಳುತ್ತದೆ. ಎರಡರಷ್ಟು ಒತ್ತಿದರೆ ಎರಡರಷ್ಟು ಕುಗ್ಗುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಇವತ್ತಿಗೂ ಎಡವುವುದು ಈ ಸಣ್ಣ ಮಾತಿನಲ್ಲೇ. ಅದಕ್ಕೆ ಮುಂದೆ ಬರುತ್ತೇನೆ.

ಮೊದಮೊದಲ ಬೈಕುಗಳಿಗೆ ಹಿಂದೆ ಸ್ಪ್ರಿಂಗೇ ಇರಲಿಲ್ಲ. ಚಕ್ರವನ್ನು ಫ್ರೇಮಿಗೆ ಗಟ್ಟಿಯಾಗಿ ಬಿಗಿದು ಸೀಟಿನ ಕೆಳಗೆ ಎರಡು ಸುರುಳಿ ಇಟ್ಟರೆ ಮುಗಿಯಿತು. ಅಮೆರಿಕದ ಇಂಡಿಯನ್ ಕಂಪನಿ 1913ರಲ್ಲೇ ಹಿಂದಿನ ಚಕ್ರಕ್ಕೆ ಎಲೆಪಟ್ಟಿ ಕೊಟ್ಟಿತ್ತು, ಆದರೆ ಅದು ಹಬ್ಬಲಿಲ್ಲ. ಮೆತ್ತನೆಯ ಹಿಂಭಾಗ ತಿರುವಿನಲ್ಲಿ ಅಡ್ಡಡ್ಡ ಅಲ್ಲಾಡುತ್ತದೆ ಎಂಬ ಭಯ ಸವಾರರಿಗೆ. ಆ ಕಾಲದ ಸಡಿಲ ಕೀಲುಗಳನ್ನು ನೋಡಿದರೆ ಅದು ಸುಳ್ಳು ಭಯವೂ ಅಲ್ಲ. ಹಾರ್ಲಿ ಡೇವಿಡ್‌ಸನ್ ತನ್ನ ದೊಡ್ಡ ಬೈಕಿನ ಹಿಂದಿನ ಚಕ್ರಕ್ಕೆ ಶಾಕ್ ಕೊಟ್ಟದ್ದು 1958ರಲ್ಲಿ. ಅಷ್ಟರಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಎರಡು ಹೆಜ್ಜೆ ಮುಂದಿತ್ತು: 1946ರ ಮಾದರಿಯಲ್ಲಿ ಚಕ್ರದ ಎರಡೂ ಕಡೆ ನೆಟ್ಟಗೆ ಮೇಲೆ ಕೆಳಗೆ ಜಾರುವ ಸ್ಪ್ರಿಂಗು, 1954ರ ಮಾದರಿಯಲ್ಲಿ ಹಿಂದಕ್ಕೆ ಚಾಚಿದ ತೋಳು, ಅಂದರೆ ಸ್ವಿಂಗ್ ಆರ್ಮ್. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಶುರುವಾದಾಗ ಕನ್ನಡ ನಾಡಿನಲ್ಲಿ ತಯಾರಾದದ್ದು ಈ ತೋಳಿನ ಜಾವಾ.

ತೋಳು ಬಂತು, ಸ್ಪ್ರಿಂಗೂ ಬಂತು. ಭಾರದ ಪ್ರಶ್ನೆ ಹಾಗೇ ಉಳಿಯಿತು. ಅದನ್ನು ಸರಿಯಾಗಿ ಹಿಡಿದದ್ದು ಬರ್ಮಿಂಗ್‌ಹ್ಯಾಮಿನ ವೆಲೊಸೆಟ್ ಎಂಬ ಸಣ್ಣ ಕಂಪನಿ. ಅಲ್ಲಿ ರೇಸ್ ವಿಭಾಗ ನೋಡುತ್ತಿದ್ದ ಹೆರಾಲ್ಡ್ ವಿಲ್ಲಿಸ್ ಸ್ವತಃ ವಿಮಾನ ಹಾರಿಸುತ್ತಿದ್ದವನು. ವಿಮಾನದ ಕಾಲಿನಲ್ಲಿರುವ ಗಾಳಿ-ಎಣ್ಣೆಯ ಶಾಕನ್ನು ರೇಸ್ ಬೈಕಿಗೆ ತಂದ. ಸವಾರ ಭಾರವಿದ್ದರೆ ಗಾಳಿ ಹೆಚ್ಚು, ಹಗುರವಿದ್ದರೆ ಕಡಿಮೆ. ರೇಸಿಗೆ ಸರಿ, ದಿನಬಳಕೆಗೆ ದುಬಾರಿ. ಅದೇ ಕಂಪನಿಯಲ್ಲಿ ಆಸ್ಟ್ರೇಲಿಯಾದ ಎಂಜಿನಿಯರ್ ಫಿಲ್ ಇರ್ವಿಂಗ್ ಇನ್ನೊಂದು ದಾರಿ ಹುಡುಕಿದ. ಫ್ರೇಮಿನ ಹಿಂಭಾಗದಲ್ಲಿ, ಶಾಕಿನ ಮೇಲ್ತುದಿ ಕೂರುವ ಜಾಗದಲ್ಲಿ, ಬಿಲ್ಲಿನಂತೆ ಬಾಗಿದ ಉದ್ದನೆಯ ಸೀಳು ಕೊರೆಸಿದ. ನಟ್ಟು ಸಡಿಲಿಸಿ ಶಾಕಿನ ತಲೆಯನ್ನು ಆ ಸೀಳಿನಲ್ಲಿ ಹಿಂದೆ ಮುಂದೆ ಸರಿಸಬಹುದು. ಮುಂದಕ್ಕೆ ವಾಲಿಸಿದರೆ ಶಾಕಿನ ಮೇಲೆ ಚಕ್ರದ ಮೀಟು ಹೆಚ್ಚುತ್ತದೆ, ಸವಾರಿ ಮೆತ್ತಗಾಗುತ್ತದೆ. ನೆಟ್ಟಗೆ ನಿಲ್ಲಿಸಿದರೆ ಗಟ್ಟಿಯಾಗುತ್ತದೆ. ಒಬ್ಬನಿದ್ದಾಗ ಮುಂದೆ, ಡಬಲ್ ಸೀಟಿಗೆ ಹಿಂದೆ. ಸ್ಪ್ರಿಂಗು ಅದೇ ಆದರೂ ಚಕ್ರಕ್ಕೆ ಸಿಗುವ ಗಟ್ಟಿತನ ಬೇರೆ. ಹುಕ್‌ನ ನಿಯಮವನ್ನು ಮುರಿಯದೆ ಅದರ ಕೈ ತಪ್ಪಿಸಿಕೊಂಡ ಜಾಣತನ ಇದು.

ನನ್ನ ಕೇಳಿದರೆ ಗೆಲ್ಲಬೇಕಾಗಿದ್ದದ್ದು ಈ ಸೀಳು. ಗೆಲ್ಲಲಿಲ್ಲ. ಬೇರೆ ಕಂಪನಿಗಳ ಫ್ರೇಮಿಗೆ ಅದನ್ನು ಹಾಗೇ ತಂದು ಕೂರಿಸುವಂತಿರಲಿಲ್ಲ. 1971ರಲ್ಲಿ ವೆಲೊಸೆಟ್ ಬಾಗಿಲು ಹಾಕಿದಾಗ ಸೀಳೂ ಅದರ ಜೊತೆಗೇ ಹೋಯಿತು.

ಗೆದ್ದದ್ದು ಬಳೆ. ಅದರ ಕತೆಗೆ ಬೆಲ್‌ಫಾಸ್ಟಿನ ರೆಕ್ಸ್ ಮೆಕ್‌ಕ್ಯಾಂಡ್ಲೆಸ್ ಬೇಕು. ಶಾಲೆಯನ್ನು ಬೇಗ ಬಿಟ್ಟು ತಾನೇ ಕಲಿತ ಮೆಕ್ಯಾನಿಕ್. ಎರಡನೇ ಮಹಾಯುದ್ಧದ ಕಾಲದಲ್ಲಿ ಸಿಟ್ರೊಯೆನ್ ಕಾರಿನ ಎಣ್ಣೆಯ ಶಾಕುಗಳನ್ನು ತಂದು ತಾನು ಕಟ್ಟಿದ ಬೈಕಿಗೆ ನೆಟ್ಟಗೆ ನಿಲ್ಲಿಸಿದ. ಸ್ಪ್ರಿಂಗು ಏಟನ್ನು ನುಂಗುತ್ತದೆ, ಆದರೆ ನುಂಗಿದ್ದನ್ನು ಮತ್ತೆ ಕಕ್ಕುತ್ತದೆ; ಕುಣಿತ ನಿಲ್ಲುವುದು ಸಣ್ಣ ತೂತಿನಲ್ಲಿ ನುಸುಳುವ ಎಣ್ಣೆಯಿಂದ. ನಾರ್ಟನ್ ಕಂಪನಿ ಅವನ ಫ್ರೇಮನ್ನು 1950ರಲ್ಲಿ ರೇಸಿಗೆ ಇಳಿಸಿತು. ಅದನ್ನು ಓಡಿಸಿದ ಹೆರಾಲ್ಡ್ ಡೇನಿಯಲ್ ಗರಿಯ ಹಾಸಿಗೆಯ ಮೇಲೆ ಕೂತಂತಿದೆ ಎಂದದ್ದೇ ಅದರ ಹೆಸರಾಯಿತು. ಆ ವರ್ಷದ ಐಲ್ ಆಫ್ ಮ್ಯಾನ್ ಸೀನಿಯರ್ ಟಿಟಿಯಲ್ಲಿ ಮೊದಲ ಮೂರೂ ಸ್ಥಾನ ನಾರ್ಟನ್‌ಗೆ, ಮೊದಲನೆಯದು ಜೆಫ್ ಡ್ಯೂಕ್‌ಗೆ. ಹಿಂದೆ ಸ್ಪ್ರಿಂಗು ಬೇಕೋ ಬೇಡವೋ ಎಂಬ ವಾದ ಅಲ್ಲಿಗೆ ಮುಗಿದಂತೆಯೇ. ರಾಯಲ್ ಎನ್‌ಫೀಲ್ಡಿನ ತೋಳಿನ ಬುಲೆಟ್ 1948ರಲ್ಲೇ ಗುಡ್ಡಗಾಡಿನ ಸ್ಪರ್ಧೆಗಳಿಗೆ ಇಳಿದಿತ್ತು. 1955ರಲ್ಲಿ ಮದ್ರಾಸಿಗೂ ಬಂತು.

ಸ್ಪ್ರಿಂಗು, ಎಣ್ಣೆ ಎರಡೂ ಒಂದೇ ಕೊಳವೆಯಲ್ಲಿ ಸೇರಿದ ಮೇಲೆ ಬ್ರಿಟನ್ನಿನ ಗರ್ಲಿಂಗ್‌ನಂಥ ಕಂಪನಿಗಳು ಅದರ ಬುಡಕ್ಕೆ ಮೂರು ಮೆಟ್ಟಿಲಿನ ಬಳೆ ಹಾಕಿದವು. ಕೊಕ್ಕೆ ಪಾನಾದಿಂದ ತಿರುಗಿಸಿದರೆ ಬಳೆ ಮೇಲೇರಿ ಸ್ಪ್ರಿಂಗನ್ನು ಮೊದಲೇ ಒಂದಿಷ್ಟು ಅದುಮಿಡುತ್ತದೆ. ಯಾವ ಫ್ರೇಮಿಗಾದರೂ ಸೈ, ಖರ್ಚೂ ಕಡಿಮೆ. ಆ ಮೂರು ಮೆಟ್ಟಿಲೇ ಇವತ್ತು ನಮ್ಮ ಎಷ್ಟೋ ಬೈಕುಗಳಲ್ಲಿ ಐದಾಗಿವೆ. ಬೆಲ್ಜಿಯಂನ ಲೂಸಿಯೆನ್ ಟಿಲ್ಕೆನ್ಸ್ ಕಂಡುಹಿಡಿದು ಯಮಹಾಕ್ಕೆ ಮಾರಿದ ಒಂಟಿ ಶಾಕು 1973ರಲ್ಲಿ ಮೋಟೋಕ್ರಾಸ್ ವಿಶ್ವ ಪಟ್ಟ ಗೆದ್ದಿತು. ಈಗ ಕಾಲೇಜು ಹುಡುಗರ ಬೈಕಿನಲ್ಲೆಲ್ಲ ಅದೇ, ಆದರೆ ಭಾರಕ್ಕೆ ಹೊಂದಿಸಲು ಅದರಲ್ಲೂ ಇಂಥದೇ ಬಳೆ.

ಈಗ ಹುಕ್‌ನ ಮಾತಿಗೆ. ಮಿಸ್ತ್ರಿಗೆ ಸವಾರಿ ಗಡಸು ಅಂದರೆ ‘ಎರಡು ಪಾಯಿಂಟ್ ಲೂಸ್ ಮಾಡ್ತೀನ್ರೀ’ ಅನ್ನುತ್ತಾನೆ, ಸ್ಪ್ರಿಂಗೇ ಮೆತ್ತಗಾಗುತ್ತದೆ ಎಂಬಂತೆ. ಸ್ಪ್ರಿಂಗು ಮೆತ್ತಗಾಗುವುದೂ ಇಲ್ಲ, ಗಟ್ಟಿಯಾಗುವುದೂ ಇಲ್ಲ. ಒಂದು ಮಿಲಿಮೀಟರ್ ಕುಗ್ಗಲು 2 ಕಿಲೊ ಬೇಡುವ ಸ್ಪ್ರಿಂಗನ್ನು ಬಳೆ 10 ಮಿಲಿಮೀಟರ್ ಅದುಮಿತು ಅನ್ನಿ. ಮೊದಲ 20 ಕಿಲೊಗೆ ಅದು ಜಪ್ಪಯ್ಯ ಅನ್ನುವುದಿಲ್ಲ. ಆಮೇಲೆ ಮತ್ತೆ ಮಿಲಿಮೀಟರಿಗೆ 2 ಕಿಲೊವೇ. ಬದಲಾಗುವುದು ಗಾಡಿಯ ಬೆನ್ನು ನಿಲ್ಲುವ ಎತ್ತರ. ಭಾರ ಹೇರಿದಾಗ ಬಳೆ ಏರಿಸಿದರೆ ಬೆನ್ನು ಮೊದಲಿನ ಎತ್ತರಕ್ಕೆ ಬರುತ್ತದೆ, ಗುಂಡಿಯಲ್ಲಿ ಶಾಕು ಬುಡ ಮುಟ್ಟುವುದಿಲ್ಲ, ಹೆಡ್‌ಲೈಟು ಎದುರಿನವನ ಕಣ್ಣಿಗೆ ಹೊಡೆಯುವುದಿಲ್ಲ.

ಭಾರ ಇಳಿಸಿದ ಮೇಲೂ ಬಳೆಯನ್ನು ಮೇಲೇ ಬಿಡುವುದು ಇದರ ಉಲ್ಟಾ ತಪ್ಪು. ಕೂತಾಗ ಗಾಡಿ ಸ್ವಲ್ಪ ಕುಸಿಯಲೇಬೇಕು. ಕುಸಿದಿದ್ದರೆ ತಾನೇ ಚಕ್ರ ಗುಂಡಿಗೆ ಇಳಿದು ಬರಲು ಜಾಗ? ಇಲ್ಲದಿದ್ದರೆ ಚಕ್ರದ ಜೊತೆ ಗಾಡಿಯೂ, ಗಾಡಿಯ ಜೊತೆ ನಿಮ್ಮ ಸೊಂಟವೂ ಗುಂಡಿಗೆ ಬೀಳುತ್ತವೆ. ಇಳಕಲ್ಲಿನ ಸುತ್ತ ಗ್ರಾನೈಟ್ ದಿಮ್ಮಿಯ ಲಾರಿಗಳು ಅರೆದ ರಸ್ತೆಗಳಲ್ಲಿ ಇದು ಮೊದಲ ಮೈಲಿಗೇ ಗೊತ್ತಾಗುತ್ತದೆ. ಎರೆ ಭೂಮಿಯ ಕತೆ ಬೇರೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನ ಮೇಲೆ ಡಾಂಬರು ಅಲೆ ಅಲೆಯಾಗುತ್ತದೆ. ಅಲ್ಲಿ ಗಾಡಿ ತೊಟ್ಟಿಲಾಡಿದರೆ ಬಳೆಯ ತಪ್ಪಲ್ಲ, ಎಣ್ಣೆ ಸೋರಿದೆ. ಬಳೆ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ, ಶಾಕು ಬದಲಿಸಬೇಕು.

ಅಳತೆ ಸುಲಭ. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಗಾಳಿಯಲ್ಲಿರುವಾಗ ಅಚ್ಚಿನಿಂದ ನೇರ ಮೇಲೆ, ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಟೇಪು ಹಿಡಿಯಿರಿ. ಸ್ಟ್ಯಾಂಡ್ ಇಳಿಸಿ, ದಿನಾ ಹೊರುವ ಭಾರದೊಂದಿಗೆ ಕೂತು, ಇನ್ನೊಬ್ಬರಿಂದ ಮತ್ತೆ ಅಳೆಸಿ. ಚಕ್ರದ ಒಟ್ಟು ಓಟ 90 ಮಿಲಿಮೀಟರ್ ಇದ್ದರೆ ವ್ಯತ್ಯಾಸ 30ರ ಆಸುಪಾಸು ಬರಬೇಕು. ಹೆಚ್ಚಿದ್ದರೆ ಬಳೆ ಒಂದು ಮೆಟ್ಟಿಲು ಮೇಲೆ, ಕಡಿಮೆಯಿದ್ದರೆ ಒಂದು ಕೆಳಗೆ. ತಿರುಗಿಸುವ ಮುಂಚೆ ಮೆಟ್ಟಿಲಿನಲ್ಲಿ ಗಟ್ಟಿಯಾದ ಮಣ್ಣನ್ನು ಬ್ರಷ್ಷಿನಿಂದ ಕೆರೆದು ಎರಡು ಹನಿ ಎಣ್ಣೆ ಬಿಡಿ; ಇಲ್ಲದಿದ್ದರೆ ಕೊಕ್ಕೆ ಜಾರಿ ಬೆರಳಿನ ಗೆಣ್ಣು ಸುಲಿಯುತ್ತದೆ. ಮೆಟ್ಟಿಲು ದಾಟಿದಾಗ ಟಕ್ ಅನ್ನುತ್ತದೆ. ಎರಡು ಶಾಕಿದ್ದರೆ ಎಡಕ್ಕೂ ಬಲಕ್ಕೂ ಅದೇ ಮೆಟ್ಟಿಲು, ಒಂದು ಹೆಚ್ಚು ಒಂದು ಕಡಿಮೆ ಮಾತ್ರ ಬೇಡ. ಕೊನೆಗೆ ಚೈನಿನ ಸಡಿಲವನ್ನೂ ಒಮ್ಮೆ ನೋಡಿಬಿಡಿ. ಜಾತ್ರೆ ಮುಗಿಸಿ ಬಂದ ಮೇಲೆ ಬಳೆಯನ್ನು ಮತ್ತೆ ಮೊದಲಿನ ಮೆಟ್ಟಿಲಿಗೆ ಇಳಿಸುವುದನ್ನು ಮರೆಯಬೇಡಿ.