ಕಿವಿಯ ಗುಂಯ್ ಸದ್ದಿಗೆ ಹೊರಗಿನ ಸಣ್ಣ ಸಪ್ಪಳ

ಕಿವಿಯೊಳಗೆ ಗುಂಯ್ ಅನ್ನುತ್ತದೆ ಅನ್ನುವವರು ನಮ್ಮ ರೈತರಲ್ಲಿ ಎಷ್ಟು ಮಂದಿ ಇದ್ದಾರೆ, ಒಮ್ಮೆ ಕೇಳಿ ನೋಡಿ. ಟ್ರ್ಯಾಕ್ಟರ್ ಹೊಡೆದವರು, ರಾಶಿ ಮಷಿನ್ ಮುಂದೆ ನಿಂತವರು, ಹಿಟ್ಟಿನ ಗಿರಣಿ ನಡೆಸಿದವರು, ಕಲ್ಲಿನ ಕೆಲಸಕ್ಕೆ ಹೋದವರು, ಎಲ್ಲರಲ್ಲೂ ಒಬ್ಬಿಬ್ಬರು ಸಿಕ್ಕೇ ಸಿಗುತ್ತಾರೆ. ಒಬ್ಬರಿಗೆ ಜೀರುಂಡೆ ಕೂಗಿದಂಗೆ, ಇನ್ನೊಬ್ಬರಿಗೆ ಕುಕ್ಕರ್ ಸೀಟಿ ಹೊಡೆದಂಗೆ, ಮತ್ತೊಬ್ಬರಿಗೆ ಟಿಸಿ ಹತ್ತಿರ ನಿಂತಂಗೆ. ಪಕ್ಕದಲ್ಲಿ ಕೂತವರಿಗೆ ಏನೂ ಕೇಳಿಸದು. ಹಗಲು ಹೆಂಗೋ ಕಳೆಯುತ್ತದೆ. ರಾತ್ರಿ ತಲೆ ದಿಂಬಿಗೆ ಇಟ್ಟ ಮೇಲೆ ಅದರದೇ ಕಾರುಬಾರು. ಡಾಕ್ಟರುಗಳು ಇದಕ್ಕೆ ಟಿನ್ನಿಟಸ್ ಅನ್ನುತ್ತಾರೆ.

ನನಗೆ ಇದು ಅಂಟಿಕೊಂಡು ಆರು ವರ್ಷವಾಯಿತು. ನಮ್ಮದು ಕುಷ್ಟಗಿ ಕಡೆ ಮಳೆ ನಂಬಿದ ಹೊಲ, ವಾಸ ಹೊಲದ ಮನೆಯಲ್ಲೇ. ರಾತ್ರಿ ಎಂಟರ ಮೇಲೆ ನಾಯಿ ಬೊಗಳಿದರೆ ಉಂಟು, ಇಲ್ಲದಿದ್ದರೆ ಅದೂ ಇಲ್ಲ. ಇಂಥಾ ಕಡೆ ನನ್ನ ಕಿವಿಗೆ ನಿದ್ದೆ ಇರಲಿಲ್ಲ. ಉಪಾಯ ಸಿಕ್ಕಿದ್ದು ದೂರದ ತೊಕ್ಕೊಟ್ಟಿನಲ್ಲಿ.

ತೊಕ್ಕೊಟ್ಟು ಅಂದರೆ ಮಂಗಳೂರಿನಿಂದ ನೇತ್ರಾವತಿ ಸೇತುವೆ ದಾಟಿದ ಮೇಲೆ ಕೇರಳದ ಕಡೆ ಹೋಗುವ ಹೆದ್ದಾರಿಯ ಮೇಲಿನ ಊರು. ನಮ್ಮ ಕಡೆಯವರು ಬಹಳ ಜನ ಅಲ್ಲಿ ಕಟ್ಟಡದ ಕೆಲಸಕ್ಕೆ ಇದ್ದಾರೆ, ನನ್ನ ತಮ್ಮನೂ ಒಬ್ಬ. ಮಳೆಗಾಲದಲ್ಲಿ ಅವನ ರೂಮಿನಲ್ಲಿ ಹದಿನೈದು ದಿನ ಉಳಿದಿದ್ದೆ. ಮೇಲೆ ತಗಡು, ಮುಂದೆ ರಸ್ತೆ. ರಾತ್ರಿಯಿಡೀ ಲಾರಿ, ಬಸ್ಸು. ಅದರ ಮೇಲೆ ಆ ಸೀಮೆಯ ಮಳೆ! ನಮ್ಮಲ್ಲಿ ವರ್ಷಕ್ಕೆ 600 ಮಿ.ಮೀ. ಬಿದ್ದರೆ ಹಬ್ಬ. ಅಲ್ಲಿ 3,500ಕ್ಕೂ ಮೇಲೆ. ಇಷ್ಟು ಗದ್ದಲದಲ್ಲಿ ಮಲಗುವುದೆಂಗೆ ಅಂದುಕೊಂಡವನು ಬೆಳಗಿನ ತನಕ ಎಚ್ಚರವಾಗದೆ ಮಲಗಿದೆ. ಮೂರು ದಿನ ಹಿಂಗೇ ಆದ ಮೇಲೆ ತಮ್ಮ ದೇರಳಕಟ್ಟೆಯ ಆಸ್ಪತ್ರೆಗೆ ಕರಕೊಂಡು ಹೋದ. ತೊಕ್ಕೊಟ್ಟಿನಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ.

ಅಲ್ಲಿ ಕಿವಿ ಪರೀಕ್ಷೆ ಮಾಡಿದ ತಾಯಿ ಹೇಳಿದ್ದನ್ನು ನನ್ನ ಮಾತಲ್ಲಿ ಬರೆಯುತ್ತೇನೆ. ಕಿವಿಯ ಒಳಭಾಗದಲ್ಲಿ ಸಣ್ಣ ಸಣ್ಣ ರೋಮದಂಥ ಜೀವಕಣ ಇರುತ್ತವೆ. ದೊಡ್ಡ ಸದ್ದಿಗೆ, ವಯಸ್ಸಿಗೆ ಅವು ಸಾಯುತ್ತವೆ. ಸತ್ತವು ಮತ್ತೆ ಚಿಗುರುವುದಿಲ್ಲ. ಕಿವಿಯಿಂದ ಬರುವ ಸುದ್ದಿ ಕಡಿಮೆಯಾದಾಗ ಮಿದುಳು ತನ್ನ ವಾಲ್ಯೂಮ್ ಏರಿಸುತ್ತದೆ. ಸ್ಟೇಷನ್ ಸಿಗದಿದ್ದಾಗ ರೇಡಿಯೋ ವಾಲ್ಯೂಮ್ ತಿರುಗಿಸಿದರೆ ಬರ್ರ್ ಅನ್ನುತ್ತದಲ್ಲ, ಹಂಗೆ. ಸುತ್ತ ಸದ್ದೇ ಇಲ್ಲದಿದ್ದರೆ ಈ ಬರ್ರ್ ಎದ್ದು ಕೇಳಿಸುತ್ತದೆ. 1953ರಲ್ಲಿ ಅಮೇರಿಕದ ಹೆಲರ್, ಬರ್ಗ್‌ಮನ್ ಎಂಬಿಬ್ಬರು ಕಿವಿ ಚೆನ್ನಾಗಿದ್ದ 80 ಜನರನ್ನು ಸದ್ದೇ ಹೊಗದ ಕೋಣೆಯಲ್ಲಿ ಕೂರಿಸಿದಾಗ ನೂರಕ್ಕೆ 94ರಷ್ಟು ಮಂದಿಗೆ ಏನೋ ಒಂದು ಸದ್ದು ಕೇಳಿತಂತೆ. ಅಂದಮೇಲೆ ನಮಗೆ ಹುಚ್ಚು ಹಿಡಿದಿಲ್ಲ. ಈ ಒಂದು ಮಾತಿನಿಂದಲೇ ನನಗೆ ಅರ್ಧ ಹಗುರಾಯಿತು.

ಕಂದೀಲು ಕತ್ತಲಲ್ಲಿ ಕಣ್ಣಿಗೆ ಹೊಡೆಯುತ್ತದೆ, ಹಗಲಲ್ಲಿ ಉರಿಯುವುದೇ ಗೊತ್ತಾಗದು. ಹಂಗೇ ಗುಂಯ್ ಸದ್ದಿನ ಸುತ್ತ ಸ್ವಲ್ಪ ಬೇರೆ ಸಪ್ಪಳ ಇಡಬೇಕು. ಆದರೆ ಇಲ್ಲೊಂದು ಮುಖ್ಯ ವಿಷಯ. ಹೊರಗಿನ ಸಪ್ಪಳ ಕಿವಿಯ ಸದ್ದನ್ನು ಪೂರ್ತಿ ಮುಳುಗಿಸಬಾರದು. ಒಂದು ಗುಲಗಂಜಿಯಷ್ಟು ಕೆಳಗಿರಬೇಕು, ಎರಡೂ ಕೇಳುತ್ತಿರಬೇಕು. ಆಗ ಮಿದುಳು ರೂಢಿ ಮಾಡಿಕೊಂಡು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬಿಡುತ್ತದೆ. ಗಿರಣಿ ಪಕ್ಕದ ಮನೆಯವರಿಗೆ ಗಿರಣಿ ಕೇಳಿಸುತ್ತದೆಯೇ? ಇದು ವಾರದಲ್ಲಿ ಆಗುವ ಕೆಲಸವಲ್ಲ, ತಿಂಗಳುಗಟ್ಟಲೆ ಬೇಕು.

ನಾನು ಮಾಡುವುದು ಇಷ್ಟು. ಕರೆಂಟ್ ಇದ್ದಾಗ ಟೇಬಲ್ ಫ್ಯಾನನ್ನು ಗೋಡೆಗೆ ಮುಖ ಮಾಡಿ ಸಣ್ಣಗೆ ಬಿಡುತ್ತೇನೆ. ಚಳಿಗಾಲದಲ್ಲೂ ಇದೇ, ಗಾಳಿ ಮೈಗೆ ಬಡಿಯುವುದಿಲ್ಲ. ನಮ್ಮಲ್ಲಿ ನಡುರಾತ್ರಿ ಕರೆಂಟ್ ಹೋಗುತ್ತದೆ, ಫ್ಯಾನ್ ನಿಂತ ಕೂಡಲೇ ಎಚ್ಚರ! ಅದಕ್ಕೆ ತೊಕ್ಕೊಟ್ಟಿನ ತಗಡಿನ ಮಳೆಯನ್ನು ಫೋನಿನಲ್ಲಿ ಒಂದು ತಾಸು ತುಂಬಿಸಿಕೊಂಡು ಬಂದಿದ್ದೇನೆ. ಅದು ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಹತ್ತುವ ಹಾಗೆ ಮಾಡಿ, ಫೋನನ್ನು ತಲೆಯಿಂದ ಒಂದು ಮಾರು ದೂರ ಇಡುತ್ತೇನೆ. ಕಿವಿಗೆ ವಯರ್ ಸಿಕ್ಕಿಸಿಕೊಂಡು ಮಲಗುವುದಿಲ್ಲ. ಮೊದಮೊದಲು ಮನೆಯವಳು “ಹೊರಗ ಧೂಳು, ಒಳಗ ಮಳಿ” ಅಂತ ನಗುತ್ತಿದ್ದಳು. ಈಗ ಅವಳಿಗೂ ಅದಿಲ್ಲದೆ ನಿದ್ದೆ ಬಾರದು.

ಸಪ್ಪಳ ಯಾವುದು ಅನ್ನುವುದು ಅವರವರ ಇಷ್ಟ. ಸೋಮೇಶ್ವರದ ಸಮುದ್ರದ ತೆರೆಯನ್ನೂ ತುಂಬಿಸಿಕೊಂಡಿದ್ದೆ. ತೆರೆ ಹಿಂದೆ ಸರಿದಾಗ ನಡುವೆ ಗುಂಯ್ ಇಣುಕುತ್ತದೆ, ನನಗೆ ಹಿಡಿಸಲಿಲ್ಲ. ಮಡಕೆಗೆ ತೂತು ಮಾಡಿ ಕೆಳಗೆ ತಪ್ಪಲೆಯಿಟ್ಟರೆ ಟಪ್ ಟಪ್ ಎಣಿಸುವುದೇ ಕೆಲಸ. ಒಂದೇ ಸಮ ಇರುವ ಸಪ್ಪಳ ಒಳ್ಳೆಯದು. ಸ್ಟೇಷನ್ ಇಲ್ಲದ ಕಡೆ ಮುಳ್ಳು ನಿಲ್ಲಿಸಿದ ಹಳೇ ರೇಡಿಯೋನೂ ನಡೆಯುತ್ತದೆ. ಹಾಡು, ವಾರ್ತೆ ಹಾಕಿದರೆ ಗಮನ ಅದರ ಹಿಂದೆ ಓಡಿ ನಿದ್ದೆ ಹಾರುತ್ತದೆ.

ಇದು ಹೊಸ ವಿದ್ಯೆಯೇನಲ್ಲ. ಫ್ರಾನ್ಸಿನ ಕಿವಿ ವೈದ್ಯ ಇಟಾರ್ 1821ರಲ್ಲೇ ಹಸಿ ಕಟ್ಟಿಗೆ ಉರಿಯುವ ಚುರ್ರ್ ಸದ್ದು, ನೀರಿನ ಗಿರಣಿಯ ಸದ್ದು ಉಪಯೋಗಕ್ಕೆ ಬರುತ್ತದೆ ಅಂತ ಬರೆದಿದ್ದಾನೆ. ಈಗ ಕಿವಿಗೆ ಸಿಕ್ಕಿಸುವ ಸದ್ದಿನ ಯಂತ್ರಗಳು ಸಾವಿರಾರು ರೂಪಾಯಿಗೆ ಮಾರಾಟಕ್ಕಿವೆ. ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದ 2018ರ ಕಾಕ್ರೇನ್ ಪರಿಶೀಲನೆಯಲ್ಲಿ, ಇಂಥ ಯಂತ್ರ ಬಳಸಿದವರಿಗೆ ಬಳಸದವರಿಗಿಂತ ಹೆಚ್ಚು ಗುಣ ಸಿಕ್ಕಿತು ಅನ್ನಲು ಆಧಾರ ಸಿಗಲಿಲ್ಲ. ಸಾಲ ಮಾಡಿ ಕೊಳ್ಳಬೇಡಿ. ನನ್ನ ಫ್ಯಾನು, ಮಳೆ ಕೂಡ ರೋಗ ವಾಸಿ ಮಾಡಿಲ್ಲ. ಗುಂಯ್ ಈಗಲೂ ಇದೆ, ನಿದ್ದೆಯೂ ಇದೆ. ಕಿವಿ ಮಂದವಾಗಿದ್ದವರಿಗೆ ಮಾತ್ರ ಶ್ರವಣ ಯಂತ್ರದಿಂದ ಎರಡು ಲಾಭ: ಮಾತು ಕೇಳುತ್ತದೆ, ಹೊರಗಿನ ಸದ್ದು ಒಳಗೆ ಬಂದು ಗುಂಯ್ ಹಿಂದಕ್ಕೆ ಸರಿಯುತ್ತದೆ.

ಫ್ಯಾನ್ ಹಾಕುವ ಮೊದಲು ಕಿವಿ ತೋರಿಸಿ. ಕೆಲವರಿಗೆ ಬರೀ ಗುಗ್ಗೆ ಕಟ್ಟಿಕೊಂಡಿರುತ್ತದೆ, ತೆಗೆಸಿದರೆ ಮುಗಿಯಿತು. ಕಡ್ಡಿ ಹಾಕುವುದು, ಕಾಯಿಸಿದ ಎಣ್ಣೆ ಬಿಡುವುದು ಬೇಡ. ಸದ್ದು ಒಂದೇ ಕಿವಿಯಲ್ಲಿದ್ದರೆ, ನಾಡಿಯಂತೆ ಬಡಿಯುತ್ತಿದ್ದರೆ, ತಲೆ ಸುತ್ತಿದರೆ ತಡ ಮಾಡಬಾರದು. ಕಿವಿ ಏಕಾಏಕಿ ಕೇಳದಾದರಂತೂ ಆ ದಿನವೇ ಓಡಬೇಕು, ವಾರ ಕಳೆದರೆ ಮದ್ದು ಹತ್ತುವುದು ಕಷ್ಟ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ದೇಶದ ನಾನಾ ಕಡೆಯಿಂದ ಅಲ್ಲಿಗೆ ಜನ ಬರುತ್ತಾರೆ.

ಇನ್ನು ಕಿವಿ ನೆಟ್ಟಗಿರುವ ಹುಡುಗರಿಗೆ. ದಿನಕ್ಕೆ 8 ತಾಸು 85 ಡೆಸಿಬೆಲ್ ಸದ್ದು ಕಿವಿ ತಡೆಯುವ ಮಿತಿ. ಅದರ ಮೇಲೆ 3 ಏರಿದರೆ ತಾಸು ಅರ್ಧಕ್ಕೆ ಇಳಿಯುತ್ತದೆ: 88ಕ್ಕೆ 4 ತಾಸು, 91ಕ್ಕೆ 2. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್, ರಾಶಿ ಮಷಿನ್ ಸಲೀಸಾಗಿ 90 ದಾಟುತ್ತವೆ. ಹತ್ತಿ ತುರುಕಿದರೆ ಸಾಲದು, ಕಿವಿ ಪೂರಾ ಮುಚ್ಚುವ ಮಫ್ ಅಥವಾ ಸ್ಪಂಜಿನ ಬಿರಡೆ ಬೇಕು. ಮಷಿನ್ ನಿಂತ ಮೇಲೆ ತೆಗೆಯಿರಿ. ಸದ್ದಿಲ್ಲದ ಕಡೆಯೂ ಮುಚ್ಚಿಕೊಂಡು ಕೂತರೆ ಗುಂಯ್ ಇನ್ನೂ ದೊಡ್ಡದಾಗುತ್ತದೆ.

ಕರೆಂಟ್ ಇಲ್ಲದ ಹೊಲದ ಮನೆಯಲ್ಲಿ ರಾತ್ರಿಯಿಡೀ ಒಂದೇ ಸಮ ಸಪ್ಪಳ ಕೊಡುವ, ನೀರು ಪೋಲಾಗದ ಬೇರೆ ಉಪಾಯ ಯಾರಾದರೂ ಮಾಡಿದ್ದರೆ ಪತ್ರಿಕೆಗೆ ಬರೆಯಿರಿ.